ಜ್ವರ, ಶೀತ ಇದ್ದಾಗ ಜಿಮ್, ಓಟ, ಡಯಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ಮಳೆ ಹಿಡಿದರೆ ನನ್ನ ಫೋನಿಗೆ ಬರುವ ಮೆಸೇಜುಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. 'ಸರ್, ಮೂಗು ಸೋರ್ತಿದೆ, ಬರ್ಲಾ ಬೇಡ್ವಾ?' ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬೆಳಿಗ್ಗೆ ಓಡಲು ಬರುವವರು, ಜಿಮ್‌ನವರು, ತೀರ್ಥಹಳ್ಳಿ, ಸಾಗರದ ಕಡೆಯಿಂದ ಫೋನಿನಲ್ಲೇ ಡಯಟ್ ಕೇಳುವವರು, ಎಲ್ಲರೂ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ. ನಾನು ವ್ಯಾಯಾಮ ಹೇಳಿಕೊಡುವವನು, ಡಾಕ್ಟರ್ ಅಲ್ಲ. ಕಾಯಿಲೆ ಯಾವುದು ಅಂತ ಹೇಳುವುದು ಅವರ ಕೆಲಸ. ಆ ಹೊತ್ತಿನಲ್ಲಿ ಡಂಬೆಲ್ ಮುಟ್ಟಬೇಕೋ ಬೇಡವೋ, ಊಟ ಕಡಿಮೆ ಮಾಡಬೇಕೋ ಬೇಡವೋ ಅನ್ನುವುದಷ್ಟೇ ಇಲ್ಲಿನ ವಿಷಯ.

## ಮೊದಲು ಕೇಳುವ ಪ್ರಶ್ನೆಗಳು

ಬರೀ ನೆಗಡಿ ಅಷ್ಟೇ ಸರ್, ವರ್ಕೌಟ್ ಮಾಡಬಹುದಾ?

ಮೂಗು ಸೋರುವುದು, ಸೀನು, ಗಂಟಲಲ್ಲಿ ಸ್ವಲ್ಪ ಕೆರೆತ, ಇಷ್ಟೇ ಇದ್ದು ಜ್ವರ ಇಲ್ಲದಿದ್ದರೆ ಹಗುರವಾಗಿ ಮಾಡಬಹುದು. ಇದಕ್ಕೆ ಕತ್ತಿನ ಲೆಕ್ಕ ಅಂತ ಒಂದಿದೆ. ತೊಂದರೆ ಕತ್ತಿನಿಂದ ಮೇಲೆ ಮಾತ್ರ ಇದ್ದರೆ ಹಗುರ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಎದೆ ಕೆಮ್ಮು, ಉಬ್ಬಸ, ಮೈಕೈ ನೋವು, ವಾಂತಿ, ಭೇದಿ ಹೀಗೆ ಕತ್ತಿನಿಂದ ಕೆಳಗಿಳಿದಿದ್ದರೆ ರಜಾ. ಜ್ವರ ಇದ್ದರೆ ಲೆಕ್ಕ ಹಾಕುವುದೇ ಬೇಡ, ರಜಾ.

ಹಗುರ ಅಂದರೆ ಎಷ್ಟು? ಮಾಮೂಲಿ ಎತ್ತುವ ಭಾರದ ಅರ್ಧ. ಓಡುವ ಬದಲು ನಡಿಗೆ, ಅದೂ ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡುವಷ್ಟು ನಿಧಾನವಾಗಿ. ಹತ್ತು ನಿಮಿಷ ಹಾಗೆ ನಡೆದು ನೋಡಿ. ಮೂಗು ಬಿಟ್ಟುಕೊಂಡು ಮೈ ಹಗುರ ಅನ್ನಿಸಿದರೆ ಮುಂದುವರಿಸಿ. ತಲೆ ಭಾರವಾಯಿತು, ಕಾಲು ಎಳೆಯಿತು ಅಂದರೆ ಮನೆಗೆ ಹೋಗಿ ಮಲಗಿ.

ನಂಗೆ ಏನೂ ಸುಸ್ತಿಲ್ಲ. ಮತ್ತೆ ಜಿಮ್‌ಗೆ ಯಾಕೆ ಬರಬೇಡ ಅಂತೀರಾ?

ನಿಮ್ಮ ಸಲುವಾಗಿ ಅಲ್ಲ, ಉಳಿದವರ ಸಲುವಾಗಿ. ಮಳೆಗಾಲದ ಜಿಮ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಇರಚಲು ಹೊಡೆಯುತ್ತೆ ಅಂತ ಕಿಟಕಿ ಮುಚ್ಚಿರುತ್ತಾರೆ. ಬೆಂಚಿನ ರೆಕ್ಸಿನ್ ಮೇಲಿನ ಬೆವರು ಆರುವುದೇ ಇಲ್ಲ. ಗ್ಲೌಸು ಬ್ಯಾಗಿನೊಳಗೇ ಬೂಷ್ಟು ಹಿಡಿದಿರುತ್ತೆ. ಮೂರು ದಿನವಾದರೂ ಒಣಗದ ಟವೆಲ್ಲನ್ನೇ ಮತ್ತೆ ಹೆಗಲಿಗೆ ಹಾಕಿಕೊಂಡು ಬಂದಿರುತ್ತಾರೆ. ಅಂಥ ಕಡೆ ಒಬ್ಬ ಸೀನಿದರೆ ವಾರದೊಳಗೆ ಬೆಳಗಿನ ಬ್ಯಾಚಿಗೇ ನೆಗಡಿ.

ಶೀತ ಮೊದಲ ಎರಡು ಮೂರು ದಿನ ಹೆಚ್ಚು ಹರಡುತ್ತದೆ. ಅಷ್ಟು ದಿನ ಮನೆಯ ಜಗಲಿಯಲ್ಲೇ ಕೈಕಾಲು ಆಡಿಸಿ, ಸಾಕು.

99 ಇದೆ ಸರ್. ಇದು ಜ್ವರನಾ? ಎಷ್ಟಿದ್ರೆ ಬಿಡಬೇಕು?

ವೈದ್ಯರ ಲೆಕ್ಕದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ. ಆದರೆ 99ರ ಜೊತೆ ಚಳಿ, ಮೈಕೈ ನೋವು, ಕಣ್ಣುರಿ ಇದ್ದರೆ ನಾನು ರಜಾ ಅನ್ನುತ್ತೇನೆ. ಅದು ಏರುವ ದಾರಿಯಲ್ಲಿರಬಹುದು. ಏನೂ ತೊಂದರೆ ಇಲ್ಲದೆ ಸಂಜೆ ಹೊತ್ತು 99 ತೋರಿಸಿದರೆ ಗಾಬರಿ ಬೇಡ. ಆರೋಗ್ಯವಂತರ ಮೈ ಕೂಡ ಬೆಳಿಗ್ಗೆಗಿಂತ ಸಂಜೆ ಸ್ವಲ್ಪ ಬಿಸಿ ಇರುತ್ತದೆ.

ಬಿಸಿ ಕಾಫಿ ಕುಡಿದ ಕೂಡಲೇ ಬಾಯಿಗೆ ಥರ್ಮಾಮೀಟರ್ ಇಡಬೇಡಿ. ಅರ್ಧ ಗಂಟೆ ಬಿಟ್ಟು ನೋಡಿ. ಹಣೆ ಮುಟ್ಟಿ ನೋಡಿ 'ಸ್ವಲ್ಪ ಬೆಚ್ಚಗಿದೆ' ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಡೋಲೋ ತಗೊಂಡೆ, ಈಗ ಜ್ವರ ಇಲ್ಲ. ಒಂದ್ರೌಂಡ್ ಓಡ್ಲಾ?

ಬೇಡ. ಪ್ಯಾರಾಸಿಟಮಾಲ್ ಮೈಯ ಬಿಸಿ ಇಳಿಸುತ್ತದೆ, ಒಳಗಿನ ಸೋಂಕನ್ನಲ್ಲ. ಮಾತ್ರೆ ಇಲ್ಲದೆ ಪೂರ್ತಿ 24 ಗಂಟೆ ಜ್ವರ ಬಾರದೇ ಇದ್ದರೆ ಆಗ ಜ್ವರ ಬಿಟ್ಟಿದೆ ಅಂತ ಲೆಕ್ಕ.

ಬೆವರು ಸುರಿಸಿದ್ರೆ ಜ್ವರ ಇಳಿಯುತ್ತೆ ಅಂತಾರಲ್ಲ?

ಗರಡಿಮನೆಯ ಹಿರಿಯರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಇದನ್ನು ಹೇಳುತ್ತಾರೆ. ಹಿಂದುಮುಂದಾಗಿದೆ ಅಷ್ಟೇ. ಸೋಂಕು ಬಂದಾಗ ಮೈ ಎಷ್ಟು ಬಿಸಿ ಇರಬೇಕು ಅನ್ನುವ ಮಟ್ಟವನ್ನು ಮೆದುಳೇ ಮೇಲಕ್ಕೆ ಏರಿಸುತ್ತದೆ. ಆ ಮಟ್ಟ ಮುಟ್ಟಲು ಮೈ ನಡುಗುತ್ತದೆ, ಅದೇ ಚಳಿಜ್ವರ. ಮೆದುಳು ಮಟ್ಟವನ್ನು ಮತ್ತೆ ಕೆಳಗಿಳಿಸಿದಾಗ ಹೆಚ್ಚಾದ ಬಿಸಿ ಹೊರಹಾಕಲು ಮೈ ಬೆವರುತ್ತದೆ. ಜ್ವರ ಇಳಿಯುತ್ತಿರುವುದರಿಂದ ಬೆವರು ಬಂತು, ಬೆವರು ಬಂದಿದ್ದರಿಂದ ಜ್ವರ ಇಳಿದದ್ದಲ್ಲ.

ಜ್ವರದಲ್ಲಿ ದಂಡ ಬಸ್ಕಿ ಹೊಡೆದರೆ ಬಿಸಿ ಇನ್ನೂ ಏರುತ್ತದೆ. ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿಬಡಿತ ನಿಮಿಷಕ್ಕೆ ಸುಮಾರು 10 ಹೆಚ್ಚುತ್ತದೆ. ಹಾಗಾಗಿ ನೀವು ಕುಳಿತಲ್ಲೇ ಹೃದಯ ಹೆಚ್ಚು ಕೆಲಸ ಮಾಡುತ್ತಿರುತ್ತದೆ.

ನನಗೆ ನಿಜಕ್ಕೂ ಭಯ ಇರುವುದು ಇನ್ನೊಂದರ ಬಗ್ಗೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಊತ ತರುತ್ತವೆ, ಮಯೋಕಾರ್ಡೈಟಿಸ್ ಅನ್ನುತ್ತಾರೆ. ಅಪರೂಪ, ಒಪ್ಪುತ್ತೇನೆ. ಆದರೆ ಊತ ಇರುವ ಹೃದಯದ ಮೇಲೆ ಜೋರಾದ ಓಟ, ಭಾರ ಹೇರಿದರೆ ಬಡಿತದ ಲಯ ತಪ್ಪಬಹುದು. ಹದಿಹರೆಯದ ಆಟಗಾರರು ಇದ್ದಕ್ಕಿದ್ದಂತೆ ಕುಸಿದು ಸಾಯುವುದಕ್ಕೆ ಗೊತ್ತಿರುವ ಕಾರಣಗಳಲ್ಲಿ ಇದೂ ಒಂದು. ಜ್ವರದ ಹೊತ್ತಿನಲ್ಲೋ ಆಮೇಲೋ ಎದೆನೋವು, ಎದೆ ಡವಡವ, ನಾಲ್ಕು ಮೆಟ್ಟಿಲಿಗೇ ಏದುಸಿರು, ತಲೆಸುತ್ತಿ ಬೀಳುವುದು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಈ ಕಾಯಿಲೆ ಅಂತ ಗೊತ್ತಾದವರಿಗೆ ವೈದ್ಯರು ಸಾಮಾನ್ಯವಾಗಿ 3ರಿಂದ 6 ತಿಂಗಳು ಆಟೋಟ ಬೇಡ ಅನ್ನುತ್ತಾರೆ.

ಜಿಮ್‌ಗೆ ರಜಾ ಹಾಕಿದೀನಿ. ತೋಟದ ಕೆಲಸ ಮಾಡಬಹುದಲ್ವಾ?

ಮಲೆನಾಡಿನ ಕಡೆಯಿಂದ ಬರುವ ಪ್ರಶ್ನೆ ಇದು. ಡಂಬೆಲ್ ಎತ್ತಿದ್ದೋ ಅಡಿಕೆ ಗೊನೆ ಹೊತ್ತಿದ್ದೋ ಮೈಗೆ ಗೊತ್ತಾಗುವುದಿಲ್ಲ. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯುವುದು, ಮಳೆಯಲ್ಲಿ ನೆನೆಯುತ್ತ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವುದು, ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವುದು, ಇವೆಲ್ಲ ಜಿಮ್‌ಗಿಂತ ಕಡಿಮೆ ಏನಲ್ಲ. ಜ್ವರ ಇದ್ದರೆ ಅದಕ್ಕೂ ರಜಾ. ಜ್ವರ ಬಿಟ್ಟು ಸ್ವಲ್ಪ ಚೇತರಿಸಿದ ಮೇಲೆ ಮೆಟ್ಟುಗತ್ತಿ ಮುಂದೆ ಕುಳಿತು ಅಡಿಕೆ ಸುಲಿಯಬಹುದು, ಅಷ್ಟೇ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಅವರು ವಾಕಿಂಗ್‌ಗೆ ರಜಾ ಹಾಕುತ್ತಾರೆ, ಒಲೆಗೆ, ಕೊಟ್ಟಿಗೆಗೆ ರಜಾ ಸಿಗುವುದಿಲ್ಲ. 'ಮೇಡಂ, ವಿಶ್ರಾಂತಿ ತಗೊಳಿ' ಅಂತ ನಾನು ಹೇಳಿದರೆ ಸುಮ್ನೆ ನಗುತ್ತಾರೆ. ಇದನ್ನು ಓದುತ್ತಿರುವ ಗಂಡಸರು ನಾಲ್ಕು ದಿನ ಹಾಲು ಕರೆದು, ಅನ್ನ ಸಾರು ಮಾಡಿದರೆ ಅದೇ ದೊಡ್ಡ ಔಷಧಿ.

## ಊಟ ಮತ್ತು ತೂಕ

ಹೆಂಗೂ ಊಟ ಸೇರ್ತಿಲ್ಲ. ಹೀಗೇ ಎರಡು ಕೇಜಿ ಇಳಿಸ್ಕೊಂಡ್ರೆ ಒಳ್ಳೇದಲ್ವಾ?

ತಕ್ಕಡಿ ಎರಡು ಕೇಜಿ ಕಡಿಮೆ ತೋರಿಸುತ್ತೆ, ನಿಜ. ಆದರೆ ಇಳಿದದ್ದು ಕೊಬ್ಬಲ್ಲ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಸುಮಾರು 400ರಿಂದ 500 ಗ್ರಾಂ ಗ್ಲೈಕೊಜೆನ್ ಇರುತ್ತದೆ, ಅನ್ನ ರೊಟ್ಟಿಯಿಂದ ಬಂದ ಶಕ್ತಿಯ ದಾಸ್ತಾನು ಅದು. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟಾಗ ಮೊದಲು ಖಾಲಿಯಾಗುವುದು ಇದು. ಜೊತೆಗೆ ಬೆವರು, ಭೇದಿಯಲ್ಲಿ ಹೋದ ನೀರು, ಖಾಲಿ ಹೊಟ್ಟೆ. ಹಸಿವು ತಿರುಗಿ ಬಂದು ಎರಡು ದಿನ ಕಡುಬು, ಅಕ್ಕಿರೊಟ್ಟಿ ತಿಂದರೆ ಆ ತೂಕ ಹಾಗೇ ವಾಪಸ್ ಬರುತ್ತದೆ. ಆಗ 'ಅಯ್ಯೋ, ದಪ್ಪ ಆಗ್ಬಿಟ್ಟೆ' ಅಂತ ಇನ್ನೊಂದು ಮೆಸೇಜ್ ಬರುತ್ತೆ ನನಗೆ.

ಹುಷಾರಿಲ್ಲದ ವಾರ ತಕ್ಕಡಿ ಹತ್ತಬೇಡಿ. ವಾಸಿಯಾಗಿ ಒಂದು ವಾರ ಕಳೆದ ಮೇಲೆ ನೋಡಿದ್ದೇ ನಿಜವಾದ ತೂಕ.

ಜ್ವರದಲ್ಲಿ ಮೈ ಕ್ಯಾಲೊರಿ ಜಾಸ್ತಿ ಸುಡುತ್ತಂತೆ, ಹೌದಾ?

ಹೌದು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇ. 10ರಷ್ಟು ಜಾಸ್ತಿ. ಆದರೆ ಆ ಖರ್ಚಿಗೆ ಮೈ ಬರೀ ಕೊಬ್ಬನ್ನು ಕೊಡುವುದಿಲ್ಲ. ಸೋಂಕಿನ ಜೊತೆ ಹೋರಾಡಲು ಬೇಕಾದ ಪ್ರೋಟೀನಿಗಾಗಿ ಸ್ನಾಯುವನ್ನೂ ಕರಗಿಸುತ್ತದೆ. ನೀವು ಊಟ ಕಡಿಮೆ ಮಾಡಿದಷ್ಟೂ ಸ್ನಾಯು ಜಾಸ್ತಿ ಕರಗುತ್ತದೆ. ತಿಂಗಳುಗಟ್ಟಲೆ ಬೆವರು ಹರಿಸಿ ಕಟ್ಟಿದ್ದು ಅದೇ ಅಲ್ವಾ?

ಡಯಟ್ ನಿಲ್ಲಿಸಿದ್ರೆ ಇಳಿಸಿದ್ದೆಲ್ಲ ವಾಪಸ್ ಬರಲ್ವಾ?

ಲೆಕ್ಕ ಹಾಕೋಣ. ನೀವು ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಐದು ದಿನ ಅದನ್ನು ನಿಲ್ಲಿಸಿದರೆ ತಪ್ಪಿಹೋಗುವುದು 2,500 ಕ್ಯಾಲೊರಿ. ಒಂದು ಕೇಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಅಂದರೆ ಐದು ದಿನದ ರಜಾದಿಂದ ನಿಮಗೆ ತಪ್ಪುವುದು ಕೊಬ್ಬಿನ 300 ಗ್ರಾಂ ಚಿಲ್ಲರೆ. ವಾಪಸ್ ಬರುವುದಲ್ಲ, ಇಳಿಯುವುದು ಅಷ್ಟು ತಡವಾಗುತ್ತದೆ, ಅಷ್ಟೇ. ಇಷ್ಟಕ್ಕಾಗಿ ಕಾಯಿಲೆಯನ್ನು ಇನ್ನೂ ಒಂದು ವಾರ ಎಳೆದುಕೊಳ್ಳುವುದು ನನ್ನ ಪ್ರಕಾರ ದಡ್ಡತನ.

ಹುಷಾರಿಲ್ಲದಾಗ ಡಯಟ್ ಬಿಡಿ ಅಂದರೆ ಬೇಕರಿಗೆ ನುಗ್ಗಿ ಅಂತಲ್ಲ. ತೂಕ ಏರದೆ ಇಳಿಯದೆ ನಿಲ್ಲುವಷ್ಟು ಊಟ ಮಾಡಿ. ಹಸಿವೇ ಇಲ್ಲದಿದ್ದರೆ ಆದಷ್ಟು ತಿನ್ನಿ.

ಲಂಘನಂ ಪರಮೌಷಧಂ ಅಂತ ಅಜ್ಜಿ ಹೇಳ್ತಾರೆ. ಉಪವಾಸ ಮಾಡ್ಲಾ?

ಅಜ್ಜಿಯ ಲಂಘನದಲ್ಲಿ ಗಂಜಿತಿಳಿ ಇತ್ತು, ಕಂಬಳಿ ಹೊದ್ದು ಮಲಗುವುದು ಇತ್ತು. ಈಗಿನವರು ಉಪವಾಸ ಮಾತ್ರ ಇಟ್ಟುಕೊಂಡು ಆಫೀಸಿಗೂ ಹೋಗುತ್ತಾರೆ, ಸಂಜೆ ಜಿಮ್‌ಗೂ ಬರುತ್ತಾರೆ. ಆರೋಗ್ಯವಂತ ದೊಡ್ಡವರು ಒಂದು ದಿನ ಹಸಿವಿಲ್ಲ ಅಂತ ಕಡಿಮೆ ತಿಂದರೆ ತೊಂದರೆಯಿಲ್ಲ, ನೀರು ಮಾತ್ರ ತಪ್ಪಬಾರದು. ಶುಗರ್ ಇರುವವರು, ಗರ್ಭಿಣಿಯರು, ಹಾಲುಣಿಸುವವರು, ಮಕ್ಕಳು, ವಯಸ್ಸಾದವರು, ಮೊದಲೇ ಸಣಕಲು ಇರುವವರು ಉಪವಾಸದ ಗೊಡವೆಗೆ ಹೋಗಬಾರದು.

ಹಾಗಾದ್ರೆ ಏನು ತಿನ್ನಲಿ? ಬಾಯಿಗೆ ಯಾವ್ದೂ ರುಚಿನೇ ಇಲ್ಲ

ಮೊದಲ ದಿನ ಗಂಜಿ. ಉಪ್ಪು, ಒಂದು ಚಮಚ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಆ ಉಪ್ಪಿನಕಾಯಿಯ ವಾಸನೆಗೇ ಅರ್ಧ ಬಾಯಿ ಬಿಟ್ಟುಕೊಳ್ಳುತ್ತದೆ. ಭೇದಿ ಇದ್ದರೆ ಉಪ್ಪಿನಕಾಯಿ ಬೇಡ. ಆಮೇಲೆ ಮೆಣಸಿನ ಸಾರು ಅನ್ನ, ಇಡ್ಲಿ, ದೊಡ್ಡಪತ್ರೆ ತಂಬುಳಿ.

ಗಂಜಿಯೊಂದನ್ನೇ ನಾಲ್ಕು ದಿನ ಕುಡಿಯುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಎರಡನೇ ದಿನದಿಂದ ಹೆಸರುಬೇಳೆ ತೊವ್ವೆ ಸೇರಿಸಿ. ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ತೆಳು ಕೋಳಿಸಾರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಲೋಟ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ವ್ಯಾಯಾಮ ಮಾಡುವವರಿಗೆ ದಿನಕ್ಕೆ ಕೇಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಬೇಕು, ಅಂದರೆ 60 ಕೇಜಿ ಇರುವವರಿಗೆ 72 ಗ್ರಾಂ ಮೇಲೆ. ಜ್ವರದಲ್ಲಿ ಅಷ್ಟು ಮುಟ್ಟುವುದು ಕಷ್ಟ. ಮುಟ್ಟದಿದ್ದರೂ ಪರವಾಗಿಲ್ಲ, ಪ್ರತಿ ಊಟದಲ್ಲೂ ಸ್ವಲ್ಪ ಇರಲಿ. ಪ್ರೋಟೀನ್ ಪೌಡರ್ ಅಭ್ಯಾಸ ಇದ್ದವರು ತೆಳ್ಳಗೆ ಕಲಸಿ ಕುಡಿಯಬಹುದು. ವ್ಯಾಯಾಮಕ್ಕೆ ಮೊದಲು ಹುರುಪಿಗೆ ಕುಡಿಯುವ ಪ್ರೀ-ವರ್ಕೌಟ್, ಕೊಬ್ಬು ಕರಗಿಸುತ್ತೆ ಅಂತ ಮಾರುವ ಫ್ಯಾಟ್ ಬರ್ನರ್ ಡಬ್ಬಗಳನ್ನು ಮುಟ್ಟಬೇಡಿ. ಅವುಗಳಲ್ಲಿನ ಕೆಫೀನ್, ಮೂಗು ಕಟ್ಟಿದ್ದಕ್ಕೆ ಕೊಡುವ ಶೀತದ ಮಾತ್ರೆ, ಎರಡೂ ಸೇರಿದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ಭೇದಿ ಆಗ್ತಿದೆ. ಎಳನೀರು ಕುಡಿದ್ರೆ ಸಾಕಾ?

ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಸಾಲದು. ಭೇದಿಯಲ್ಲಿ ಹೆಚ್ಚು ಹೋಗುವುದು ಉಪ್ಪು. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಪ್ಯಾಕೆಟ್ ಸಿಗುತ್ತದೆ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ. ಮೂತ್ರ ತಿಳಿಯಾಗಿ, ಒಂದೆರಡು ದಿನ ಹೊಟ್ಟೆ ಸರಿ ಇದ್ದ ಮೇಲೆ ವ್ಯಾಯಾಮದ ಯೋಚನೆ.

ಕಷಾಯ, ಅಮೃತಬಳ್ಳಿ ಕುಡಿದ್ರೆ ಬೇಗ ವಾಸಿಯಾಗುತ್ತಾ?

ಬಿಸಿ ಕಷಾಯ ಗಂಟಲಿಗೆ ಹಿತ, ನೀರೂ ಹೊಟ್ಟೆಗೆ ಹೋಗುತ್ತದೆ. ಅಷ್ಟಕ್ಕೆ ಕುಡಿಯಿರಿ. ಅಮೃತಬಳ್ಳಿಯನ್ನು ವಾರಗಟ್ಟಲೆ ಸೇವಿಸಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಹಾಗಾಗಿ ಅದು ಬೇಡ.

## ಮಲೆನಾಡಿನ ಜ್ವರಗಳು

ಇದು ಮಾಮೂಲಿ ವೈರಲ್ಲೋ ಡೆಂಗ್ಯೂನೋ ಹೆಂಗೆ ಗೊತ್ತಾಗುತ್ತೆ?

ನೋಡಿ ಹೇಳಲು ಆಗುವುದಿಲ್ಲ, ರಕ್ತಪರೀಕ್ಷೆಯೇ ಆಗಬೇಕು. ನಾನು ಹೇಳಬೇಕಾದ್ದು ಡೆಂಗ್ಯೂನಲ್ಲಿ ಅಪಾಯ ಯಾವಾಗ ಅನ್ನುವುದನ್ನು. ಜ್ವರ ಏರಿದಾಗ ಅಲ್ಲ, ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತದೆ. ಆಗಲೇ ರಕ್ತನಾಳದಿಂದ ನೀರು ಸೋರಿ ರಕ್ತದೊತ್ತಡ ಬೀಳುವ, ರಕ್ತಸ್ರಾವವಾಗುವ ಸಾಧ್ಯತೆ ಜಾಸ್ತಿ. 'ಜ್ವರ ಬಿಡ್ತು ಸರ್, ನಾಳೆಯಿಂದ ಬರ್ತೀನಿ' ಅಂತ ಹುಡುಗರು ಹೇಳುವುದೂ ಸರಿಯಾಗಿ ಆ ದಿನವೇ.

ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ತೀರಾ ಮಂಪರು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಡೆಂಗ್ಯೂ ಇರಬಹುದು ಅನ್ನುವ ಸಂಶಯ ಇರುವಷ್ಟು ದಿನ ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಜಿಮ್ ಬ್ಯಾಗಿನಲ್ಲಿ ನೋವಿನ ಮಾತ್ರೆ ಇಟ್ಟುಕೊಳ್ಳುವವರು ಇದನ್ನು ನೆನಪಿಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಲೆಕ್ಕ ಸರಿಯಾಗಿದೆ ಅಂತ ಡಾಕ್ಟರ್ ಹೇಳುವವರೆಗೆ ಭಾರ, ಕುಸ್ತಿ, ಕಬಡ್ಡಿ ಯಾವುದೂ ಬೇಡ. ಆಮೇಲೂ ವಾರಗಟ್ಟಲೆ ಸುಸ್ತಿರುತ್ತದೆ, ಅದು ಸೋಮಾರಿತನ ಅಲ್ಲ.

ಕಾಡಿಗೆ ಟ್ರೆಕ್ಕಿಂಗ್ ಹೋಗಿ ಬಂದ ಮೇಲೆ ಜ್ವರ. ಮಂಗನ ಕಾಯಿಲೆ ಇರಬಹುದಾ?

ಡಿಸೆಂಬರ್‌ನಿಂದ ಮೇವರೆಗಿನ ಮಾತಾದರೆ ಆ ಸಂಶಯ ಬರಲೇಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನ ಕಡಿತದಿಂದ. ದರಗು ಗುಡಿಸಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. ಓಟ, ಟ್ರೆಕ್ಕಿಂಗ್ ಅಂತ ಕಾಡುದಾರಿ ಹಿಡಿಯುವವರೂ ಅದೇ ತರಗೆಲೆ ತುಳಿಯುತ್ತಾರೆ.

ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ತಡೆಯಲಾಗದ ಮೈಕೈ ನೋವು, ಕೆಂಗಣ್ಣು ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ನೀವಾಗೇ ಹೇಳಿ. ಸತ್ತ ಮಂಗ ಕಂಡಿದ್ದರೆ ಅದನ್ನೂ ಹೇಳಿ. ರಕ್ತ ಪರೀಕ್ಷೆ ಮಾಡುವ ವೈರಸ್ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಬರುತ್ತದೆ. ಆ ಎರಡನೇ ಸುತ್ತಿನಲ್ಲಿ ತಲೆನೋವು, ಕೈ ನಡುಕ, ಮಂಕು ಕಾಣಿಸಬಹುದು. ಹಾಗಾಗಿ ಇದರಲ್ಲಿ ಮೊದಲ ಜ್ವರ ಬಿಟ್ಟದ್ದನ್ನು ನಂಬಿ ಓಡಲು ಇಳಿಯುವ ಹಾಗಿಲ್ಲ. ಡಾಕ್ಟರ್ ಒಪ್ಪಿಗೆ ಬೇಕೇ ಬೇಕು.

ನಾಟಿ ಮುಗಿಸಿ ಬಂದೆ, ಮೀನಖಂಡ ಸಿಕ್ಕಾಪಟ್ಟೆ ನೋವು. ಸ್ಕ್ವಾಟ್ಸ್ ಮಾಡಿದ್ದಕ್ಕಾ?

ವ್ಯಾಯಾಮದ ನೋವು ಒಂದರಿಂದ ಮೂರು ದಿನದಲ್ಲಿ ಏರಿ ತಾನಾಗೇ ಇಳಿಯುತ್ತದೆ. ಅದರ ಜೊತೆ ಜ್ವರ ಬರುವುದಿಲ್ಲ. ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಜ್ವರ, ಕಣ್ಣು ಕೆಂಪು, ಅದಕ್ಕೆ ಮೊದಲು ಗದ್ದೆಯ ಕೆಸರಿನಲ್ಲೋ ನಿಂತ ನೀರಿನಲ್ಲೋ ಇಳಿದಿದ್ದರೆ ಇಲಿಜ್ವರ ಇರಬಹುದು. ಇಲಿ, ದನ, ನಾಯಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ ಅದು ಒಳಗೆ ಹೋಗುತ್ತದೆ. ಬೇಗ ಆಂಟಿಬಯಾಟಿಕ್ ಸಿಕ್ಕರೆ ಗುಣವಾಗುತ್ತದೆ, ತಡವಾದರೆ ಕಿಡ್ನಿ, ಲಿವರ್‌ಗೆ ತೊಂದರೆ. ಜ್ವರ ಇಲ್ಲದಿದ್ದರೂ ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅತಿಯಾದ ವ್ಯಾಯಾಮದಲ್ಲಿ ಸ್ನಾಯು ಒಡೆದು ಕಿಡ್ನಿಗೆ ಹೊರೆಯಾದಾಗಲೂ ಹಾಗಾಗುತ್ತದೆ.

## ವಾಪಸ್ ಬರುವಾಗ

ಎಷ್ಟು ದಿನ ಬಿಟ್ಟು ಶುರು ಮಾಡ್ಲಿ?

ಬರೀ ನೆಗಡಿಯಾದರೆ ಮೂಗು ನಿಂತ ಕೂಡಲೇ. ಜ್ವರ ಬಂದಿದ್ದರೆ ಮಾತ್ರೆ ಇಲ್ಲದೆ ಜ್ವರ ಬಿಟ್ಟು, ಹಸಿವು ಸರಿಯಾಗಿ, ಮನೆಯೊಳಗಿನ ಓಡಾಟಕ್ಕೆ ಸುಸ್ತಾಗದ ಮೇಲೆ. ಮೊದಲ ಎರಡು ದಿನ ಗಾಂಧಿ ಪಾರ್ಕಿನಲ್ಲಿ ಇಪ್ಪತ್ತು ನಿಮಿಷ ನಡಿಗೆ. ಮಾರನೇ ದಿನ ಎದ್ದಾಗ ಮೈ ಹಗುರ ಇದ್ದರೆ ಅರ್ಧ ಭಾರ, ಅರ್ಧ ಸೆಟ್. ಆಮೇಲೆ ಮುಕ್ಕಾಲು. ಎಷ್ಟು ದಿನ ಮಲಗಿದ್ದಿರೋ ಹೆಚ್ಚು ಕಡಿಮೆ ಅಷ್ಟೇ ದಿನ ಮೇಲೇರಲು ತಗೊಳ್ಳಿ. ನಡುವೆ ಎಲ್ಲಾದರೂ ಮೈ ಹಿಂದೆ ಎಳೆದರೆ ಒಂದು ಹೆಜ್ಜೆ ಕೆಳಗೆ ಬನ್ನಿ. ಡಯಟ್‌ನ ಕಡಿತ ಶುರು ಮಾಡುವುದು ಎಲ್ಲಕ್ಕಿಂತ ಕೊನೆಗೆ, ವ್ಯಾಯಾಮ ಪೂರ್ತಿ ಮಟ್ಟಕ್ಕೆ ಬಂದ ಮೇಲೆ. ಎರಡನ್ನೂ ಒಂದೇ ದಿನ ಶುರು ಮಾಡಿದವರೇ ಮತ್ತೆ ಮಲಗುವುದನ್ನು ನಾನು ನೋಡಿದ್ದೇನೆ.

ಟೈಫಾಯ್ಡ್, ನ್ಯುಮೋನಿಯಾ, ಕಾಮಾಲೆಯಂಥ ಕಾಯಿಲೆಗಳಿಗೆ ಈ ಲೆಕ್ಕ ಹಿಡಿಯಬೇಡಿ. ಅವು ವಾರಗಳ ಮಾತು, ತಾರೀಖು ಡಾಕ್ಟರೇ ಹೇಳಬೇಕು.

ಒಂದು ವಾರ ಬಿಟ್ರೆ ಮಸಲ್ ಹೋಗ್ಬಿಡುತ್ತಾ?

ಇಲ್ಲ. ಎತ್ತುವ ಶಕ್ತಿ ಎರಡು ಮೂರು ವಾರ ಬಿಟ್ಟರೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಓಟದ ದಮ್ಮು ಸ್ವಲ್ಪ ಬೇಗ, ಸುಮಾರು ಎರಡು ವಾರಕ್ಕೆ ಇಳಿಯತೊಡಗುತ್ತದೆ. ಕನ್ನಡಿಯಲ್ಲಿ ತೋಳು ಸಣ್ಣ ಕಂಡರೆ ಅದು ಸ್ನಾಯುವಿನೊಳಗಿನ ಗ್ಲೈಕೊಜೆನ್, ನೀರು ಕಡಿಮೆಯಾದದ್ದು. ಒಮ್ಮೆ ಕಟ್ಟಿದ ಸ್ನಾಯು ಎರಡನೇ ಸಲ ಬೇಗ ಬರುತ್ತದೆ.

ಬೆಳಿಗ್ಗೆ ನಾಡಿ ನೋಡಿ ಅಂತೀರಲ್ಲ, ಹೆಂಗೆ?

ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮೊದಲು, ಫೋನ್ ನೋಡುವ ಮೊದಲು. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ಬಡಿತ ಗೊಂದಲ ಮಾಡುತ್ತದೆ. ಗೋಡೆ ಗಡಿಯಾರ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಚೆನ್ನಾಗಿದ್ದಾಗಲೇ ಒಂದು ವಾರ ಬರೆದಿಟ್ಟುಕೊಂಡರೆ ನಿಮ್ಮ ಮಾಮೂಲಿ ಸಂಖ್ಯೆ ಗೊತ್ತಾಗುತ್ತದೆ. ಮಾಮೂಲಿ 64 ಇದ್ದವರಿಗೆ ಜ್ವರ ಬಿಟ್ಟ ಮೇಲೂ 74ರ ಮೇಲೇ ಇದ್ದರೆ ಮೈ ಇನ್ನೂ ತಯಾರಿಲ್ಲ. ಅವತ್ತು ನಡಿಗೆ ಮಾತ್ರ. ವಾರಗಟ್ಟಲೆ ಇಳಿಯದಿದ್ದರೆ ಡಾಕ್ಟರಿಗೆ ಹೇಳಿ.

ಪೊಲೀಸ್ ಫಿಸಿಕಲ್‌ಗೆ ಹತ್ತೇ ದಿನ ಇದೆ ಸರ್, ಈಗ ಜ್ವರ ಬಂತು. ಏನ್ಮಾಡ್ಲಿ?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೂ ಹೊಟ್ಟೆ ಚುರ್ ಅನ್ನುತ್ತದೆ. ವರ್ಷಗಟ್ಟಲೆ ಕಾದು ಬಂದ ಅವಕಾಶ ಇರುತ್ತದೆ. ಆದರೂ ಜ್ವರ ಇರುವ ದಿನ 1600 ಮೀಟರ್ ಪ್ರಾಕ್ಟೀಸ್ ಬೇಡವೇ ಬೇಡ. ನಾಲ್ಕು ದಿನ ಮಲಗಿದರೆ ದಮ್ಮು ಹೋಗುವುದಿಲ್ಲ, ಜ್ವರದಲ್ಲಿ ಓಡಿ ಎಳೆದುಕೊಂಡರೆ ಹತ್ತು ದಿನವೂ ಹೋಗುತ್ತದೆ. ಬಿಟ್ಟ ಮೇಲೆ ನಡಿಗೆ, ನಿಧಾನ ಓಟ, ಕೊನೆಯ ಎರಡು ದಿನ ಮತ್ತೆ ವಿಶ್ರಾಂತಿ. ಪರೀಕ್ಷೆಯ ದಿನವೇ ಜ್ವರ ಇದ್ದರೆ ಓಡಬೇಡಿ. ದಿನಾಂಕ ಬದಲಿಸಿ ಕೊಡುತ್ತಾರೋ ಅಂತ ವೈದ್ಯರ ಪತ್ರ ಇಟ್ಟುಕೊಂಡು ಕೇಳಿ. ಕೊಡಲ್ಲ ಅಂದರೂ ನನ್ನ ಉತ್ತರ ಬದಲಾಗುವುದಿಲ್ಲ.

ದಸರಾ ಕುಸ್ತಿಗೆ ತೂಕ ಇಳಿಸುವ ಪೈಲ್ವಾನರಿಗೂ ಇದೇ ಮಾತು. ನೀರು ಬಿಟ್ಟು, ಬೆವರಿಳಿಸಿ ತೂಕ ಕಡಿಮೆ ಮಾಡುವುದು ಆರೋಗ್ಯವಾಗಿದ್ದಾಗಲೇ ಅಪಾಯ. ಜ್ವರದಲ್ಲಿ ಮಾಡಿದರೆ ಜೀವಕ್ಕೇ ಕುತ್ತು. ಮೇಲಿನ ತೂಕದವರ ಜೊತೆ ಆಡಿ, ಇಲ್ಲವೇ ಈ ಸಲ ಬಿಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಆಂಟಿಬಯಾಟಿಕ್ ಕೋರ್ಸ್ ನಡೀತಿದೆ. ಅದರ ಜೊತೆ ವರ್ಕೌಟ್ ಮಾಡಬಹುದಾ?

ಯಾವ ಕಾಯಿಲೆಗೆ ಕೊಟ್ಟಿದ್ದಾರೆ ಅನ್ನುವುದು ಮೊದಲು ಮುಖ್ಯ. ಇನ್ನೊಂದು, ಮಾತ್ರೆಯ ಹೆಸರು ನೋಡಿ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಹೀಗೆ 'ಫ್ಲಾಕ್ಸಾಸಿನ್' ಅಂತ ಮುಗಿಯುವ ಮಾತ್ರೆಗಳಿಂದ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ, ಅದರಲ್ಲೂ ಹಿಮ್ಮಡಿಯ ಮೇಲಿನ ದಪ್ಪ ಟೆಂಡನ್‌ಗೆ ಊತ ಬರಬಹುದು. ಅಪರೂಪಕ್ಕೆ ಹರಿಯಲೂಬಹುದು. ಕೋರ್ಸ್ ಮುಗಿದು ಕೆಲವು ವಾರಗಳಾದ ಮೇಲೂ ಹೀಗಾಗುತ್ತದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಅಪಾಯ ಹೆಚ್ಚು. ಆ ಹೊತ್ತಿನಲ್ಲಿ ಸ್ಕಿಪ್ಪಿಂಗ್, ಜಿಗಿತ, ವೇಗದ ಓಟ ಬೇಡ. ಹಿಮ್ಮಡಿ ನೋವು ಶುರುವಾದರೆ ಮಾತ್ರೆ ಬರೆದವರಿಗೆ ತಕ್ಷಣ ಹೇಳಿ.

ಶುಗರ್ ಮಾತ್ರೆ, ತೂಕ ಇಳಿಸೋ ಇಂಜೆಕ್ಷನ್ ತಗೋತೀನಿ. ಜ್ವರ ಬಂದಾಗ ಏನ್ಮಾಡ್ಲಿ?

ಸುಮ್ನೆ ಮುಂದುವರಿಸುವುದೂ ತಪ್ಪು, ನೀವೇ ನಿಲ್ಲಿಸುವುದೂ ತಪ್ಪು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಮೆಟ್‌ಫಾರ್ಮಿನ್ ಅನ್ನು ಡಾಕ್ಟರ್ ಕೆಲವು ದಿನ ನಿಲ್ಲಿಸಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆಗಳಲ್ಲಿ ಊಟ ಬಿಟ್ಟಾಗ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ, ಅದೂ ಶುಗರ್ ಅಷ್ಟೇನೂ ಏರದೆಯೇ. ಇನ್ಸುಲಿನ್ ತಗೊಳ್ಳುವವರು ಊಟ ಸೇರಲಿಲ್ಲ ಅಂತ ಅದನ್ನು ಪೂರ್ತಿ ಬಿಡಬಾರದು, ಜ್ವರದಲ್ಲಿ ಶುಗರ್ ಏರುವುದೇ ಜಾಸ್ತಿ. ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ಮೊದಲೇ ಹಸಿವು ಕಡಿಮೆ ಮಾಡಿ ವಾಕರಿಕೆ ತರುತ್ತದೆ. ಜ್ವರವೂ ಸೇರಿದರೆ ನೀರು ಸಹ ಒಳಗೆ ಹೋಗದ ಸ್ಥಿತಿ ಬರುತ್ತದೆ. ಮುಂದಿನ ಡೋಸ್‌ಗೆ ಮೊದಲು ಡಾಕ್ಟರಿಗೆ ಫೋನ್ ಮಾಡಿ. 'ಹುಷಾರು ತಪ್ಪಿದ ದಿನ ಯಾವುದನ್ನು ತಗೊಳ್ಳಲಿ, ಯಾವುದನ್ನು ಬಿಡಲಿ' ಅಂತ ಚೆನ್ನಾಗಿರುವಾಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಆಗುಂಬೆ ಕಡೆ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಆ ಚೀಟಿ ಇರಬೇಕು.

ಡಯಟ್ ಶುರು ಮಾಡಿದಾಗಿಂದ ತಿಂಗಳಿಗೊಂದು ಸಲ ನೆಗಡಿ. ಯಾಕೆ?

ಹೆಚ್ಚಿನವರು ಊಟ ತೀರಾ ಕಡಿಮೆ ಮಾಡಿ ವ್ಯಾಯಾಮ ತೀರಾ ಜಾಸ್ತಿ ಮಾಡಿರುತ್ತಾರೆ. ಮೈಗೆ ಉಳಿಯುವ ಶಕ್ತಿ ಸಾಲದೆ ರೋಗ ತಡೆಯುವ ಕೆಲಸ ಹಿಂದೆ ಬೀಳುತ್ತದೆ. ಹೆಂಗಸರಿಗೆ ಮುಟ್ಟು ತಪ್ಪುವುದು, ಕೂದಲು ಉದುರುವುದು, ಸದಾ ಚಳಿ, ನಿದ್ದೆ ಬಾರದಿರುವುದು ಇದರ ಗುರುತು. ಮದುವೆಗೆ ಎರಡು ತಿಂಗಳಿದೆ ಅಂತ ಬರುವವರಲ್ಲಿ ಇದು ಜಾಸ್ತಿ. ಊಟದಲ್ಲಿ ಮಾಡಿದ ಕಡಿತವನ್ನು ಅರ್ಧಕ್ಕಿಳಿಸಿ. ವಾರಕ್ಕೆ ಅರ್ಧ ಕೇಜಿಗಿಂತ ಹೆಚ್ಚು ಇಳಿಸಲು ಹೋಗಬೇಡಿ. ಏಳು ಗಂಟೆ ನಿದ್ದೆ ಮಾಡಿ. ಹಿಮೊಗ್ಲೋಬಿನ್, ಥೈರಾಯ್ಡ್, ಶುಗರ್ ಒಮ್ಮೆ ನೋಡಿಸಿ.

ಜಿಮ್ಮೂ ಇಲ್ಲ, ಡಯಟ್ಟೂ ಇಲ್ಲ, ಆದ್ರೂ ತೂಕ ಇಳೀತಿದೆ. ಒಳ್ಳೇದೇ ಅಲ್ವಾ?

ಅಲ್ಲ. ಪ್ರಯತ್ನವೇ ಇಲ್ಲದೆ ಆರು ತಿಂಗಳು, ವರ್ಷದೊಳಗೆ ಮೈತೂಕದ ಶೇ. 5 ಇಳಿದರೆ, ಅಂದರೆ 70 ಕೇಜಿ ಇದ್ದವರು ಮೂರೂವರೆ ಕೇಜಿ ಕಡಿಮೆಯಾದರೆ, ಕಾರಣ ಹುಡುಕಲೇಬೇಕು. ಶುಗರ್, ಥೈರಾಯ್ಡ್, ಕ್ಷಯ, ಹೊಟ್ಟೆಯ ಕಾಯಿಲೆ, ಕ್ಯಾನ್ಸರ್, ಮನಸ್ಸಿನ ಖಿನ್ನತೆ ಯಾವುದೂ ಇರಬಹುದು. ಎರಡು ವಾರ ದಾಟಿದ ಕೆಮ್ಮು, ಸಂಜೆ ಸಣ್ಣ ಜ್ವರ, ರಾತ್ರಿ ಬೆವರು ಜೊತೆಗಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರಿಪೋರ್ಟ್ ಬರುವವರೆಗೆ ಹೊಸದಾಗಿ ಜಿಮ್ ಸೇರಬೇಡಿ.